ಎದುರುಮನೆಯ ಬೆಳಕು

ಡಿಸೆಂಬರ್ ಬಂದರೆ ನನಗೆ ಸುಸ್ತಾಗುತ್ತದೆ. ವಯಸ್ಸಿನ ಸುಸ್ತಲ್ಲ, ಅದಕ್ಕೆ ಉಳಿದ ಹನ್ನೊಂದು ತಿಂಗಳುಗಳಿವೆ. ಇದು ಎದುರುಮನೆಯ ಬೆಳಕಿನ ಸುಸ್ತು.

ಚಂದ್ರಾ ಲೇಔಟಿನ ನಮ್ಮ ರಸ್ತೆಯಲ್ಲಿ ಕ್ರಿಸ್‌ಮಸ್ ಆಚರಿಸುವ ಮನೆ ಒಂದೇ, ನಮ್ಮೆದುರಿನ ಅಂತೋಣಿಯವರದು. ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದವರು. ಮೊದಲ ವರ್ಷ ಕಾಂಪೌಂಡಿಗೆ ಒಂದು ಸೀರಿಯಲ್ ಸೆಟ್ ಎಳೆದರು. ಮರುವರ್ಷ ತಾರಸಿಯಿಂದ ಬೆಳಕಿನ ಜಲಪಾತ ಇಳಿಯಿತು. ಆಮೇಲೆ ಹಿಮಸಾರಂಗಗಳು ಬಂದವು. ಹಿಮವನ್ನು ಫ್ರಿಜ್ಜಿನಲ್ಲಿ ಮಾತ್ರ ಕಂಡ ನಮ್ಮ ರಸ್ತೆಯಲ್ಲಿ ಅವು ಸಂಜೆಯಾದರೆ ಮಿನುಗುತ್ತಾ ತಲೆಯಾಡಿಸತೊಡಗಿದವು. ಯಾರೋ ವಿಡಿಯೋ ಮಾಡಿ ಹಾಕಿದರು. ನಾಗರಬಾವಿಯಿಂದ ವಿದ್ಯಾರ್ಥಿಗಳು ಬಂದರು, ಸುಂಕದಕಟ್ಟೆಯಿಂದ ಆಟೋ ತುಂಬಾ ಸಂಸಾರಗಳು ಬಂದವು, ಅವರ ಹಿಂದೆಯೇ ಪಾನಿಪುರಿ ಗಾಡಿ, ಬಾಂಬೆ ಮಿಠಾಯಿಯವನು.

ಬೆಳಕಿಗೆ ಮುತ್ತುವುದು ಮನುಷ್ಯನ ಹಳೆಯ ಚಾಳಿ. ಗುಹೆಯ ಕಾಲದಲ್ಲೂ ಬೆಂಕಿಯ ಸುತ್ತ ಕೂತವರೇ ನಾವು; ಆಗ ಪಾರ್ಕಿಂಗ್ ಸಮಸ್ಯೆ ಇರಲಿಲ್ಲ, ಅಷ್ಟೇ. ಕಾರ್ತಿಕದಲ್ಲಿ ನಾನೂ ದೀಪ ಹಚ್ಚುತ್ತೇನೆ. ಆದರೆ ಹಣತೆಗೊಂದು ಸೌಜನ್ಯವಿದೆ: ಎಣ್ಣೆ ತೀರಿದರೆ ತಾನೇ ಆರುತ್ತದೆ.

ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ನಮ್ಮ ಬೆಲ್ ಒತ್ತಿದಳು. "ಅಂಕಲ್, ಪ್ಲೀಸ್, ನಿಮ್ಮನೆ ಲೈಟ್ ಸ್ವಲ್ಪ ಆಫ್ ಮಾಡ್ತೀರಾ? ಫೋಟೋಗೆ ಅಡ್ಡ ಬರ್ತಿದೆ."

ಆರಿಸಿದೆ. ಕತ್ತಲಲ್ಲಿ ಕೂತ ಮೇಲೆ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ಸ್ವಲ್ಪ ತಡ.

ಮರುದಿನ ಬೆಳಿಗ್ಗೆ ದೂರು ಹೇಳಲು ಹೋದೆ. ಅಂತೋಣಿಯವರು ಗೇಟಿನ ಬಳಿ ಕೂತು ತುಂಡಾದ ವೈರಿಗೆ ಟೇಪ್ ಸುತ್ತುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: "ನಂಗೂ ಸಾಕಾಗಿದೆ ಸಾರ್. ಏಣಿ ಹತ್ತಿದ್ರೆ ಮಂಡಿ ನಡುಗುತ್ತೆ. ಈ ಜನದಲ್ಲಿ ನಮ್ಮನೆಯವಳು ರೋಸಿ ಚರ್ಚಿಗೆ ಹೋಗೋಕೂ ಗೇಟ್ ತೆಗೆಯೋಕಾಗಲ್ಲ. ಆದ್ರೆ ನಿಲ್ಲಿಸಿದ್ರೆ ರಸ್ತೆಯವ್ರಿಗೆ ಬೇಜಾರಾಗುತ್ತೇನೋ ಅಂತ..."

"ಯಾರಿಗೂ ಬೇಜಾರಾಗಲ್ಲ, ನಿಲ್ಲಿಸಿ" ಎಂದೆ. ಇಡೀ ರಸ್ತೆಯ ಪರವಾಗಿ, ಯಾರನ್ನೂ ಕೇಳದೆ.

ಕಳೆದ ಡಿಸೆಂಬರಿನಲ್ಲಿ ಆ ಮನೆ ಬೆಳಗಲಿಲ್ಲ. ಸಂತೋಷಪಡೋಣವೆಂದುಕೊಂಡೆ. ಆದರೆ ಜನ ಬರುವುದು ನಿಲ್ಲಲಿಲ್ಲ. ಬಂದು, ಕತ್ತಲೆ ನೋಡಿ, ನನ್ನನ್ನು ಕೇಳತೊಡಗಿದರು: "ಏನಾಯ್ತು ಅಂಕಲ್? ಆ ತಾತ ಹೋಗ್ಬಿಟ್ರಾ?" ದಿನಾ ಸಂಜೆ ಹತ್ತಾರು ಜನಕ್ಕೆ, ಅಂತೋಣಿಯವರು ಬದುಕಿದ್ದಾರೆಂದು ನಾನು ಸಾಕ್ಷಿ ಹೇಳಬೇಕಾಯಿತು. ಅವರು ಪರದೆಯ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ನಿಲ್ಲಿಸಿ ಎಂದವನು ನಾನೇ ಎನ್ನುವುದು ನೆನಪಾದಾಗಲೆಲ್ಲ ಮೈ ಇನ್ನಷ್ಟು ಸೋಲುತ್ತಿತ್ತು.

ಹಬ್ಬದ ಹಿಂದಿನ ದಿನ ಹೋಗಿ ಹೇಳಿದೆ: "ಒಂದೇ ಒಂದು ಏನಾದ್ರೂ ಹಾಕೋಣ. ಏಣಿ ನಾನು ಹಿಡ್ಕೋತೀನಿ."

"ನೀವು ಹಿಡ್ಕೊಂಡ್ರೆ ಇಬ್ರೂ ಬೀಳ್ತೀವಿ ಸಾರ್" ಎಂದು ನಕ್ಕರು. ಬಹಳ ದಿನದ ಮೇಲಿನ ನಗು. ಇಬ್ಬರೂ ಏದುಸಿರು ಬಿಡುತ್ತಾ ಬಾಗಿಲ ಮೇಲೊಂದು ಕಾಗದದ ನಕ್ಷತ್ರ ಕಟ್ಟಿದೆವು.

ಸಂಜೆ ಸುಂಕದಕಟ್ಟೆಯಿಂದ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದರು. "ಈ ಸಲ ಇಷ್ಟೇ ಅಮ್ಮಾ" ಎಂದೆ, ತಪ್ಪು ಮಾಡಿದವನಂತೆ.

"ಇಷ್ಟೇ ಚೆನ್ನಾಗಿ ಅದೆ ಬಿಡಪ್ಪ. ಹೋದ್ಸಲ ಆ ಬೆಳಕಿನ ಹಿಂದೆ ಒಂದು ಮನೆ ಅದೆ ಅಂತಾನೇ ಗೊತ್ತಾಗ್ಲಿಲ್ಲ. ಕಿಟಕೀಲಿ ನಿಂತಿರೋರು ಯಾರು?"

ಕಿಟಕಿಯಲ್ಲಿದ್ದದ್ದು ರೋಸಿಯವರು. ಬಾಗಿಲು ತೆರೆದು, "ಯಾಕ್ ಅಲ್ಲೇ ನಿಂತ್ರಿ? ಒಳಗ್ ಬನ್ನಿ" ಎಂದರು.

ಇಷ್ಟು ವರ್ಷ ಊರೆಲ್ಲ ಆ ಮನೆಯನ್ನು ನೋಡಿತ್ತು. ಒಳಗೆ ಹೋದವರನ್ನು ನಾನು ಕಂಡಿರಲಿಲ್ಲ. ಹೆಚ್ಚೇಕೆ, ನಾನೇ ಹೋಗಿರಲಿಲ್ಲ. ಅಜ್ಜಿಯ ಹಿಂದೆಯೇ ಚಪ್ಪಲಿ ಬಿಟ್ಟು ಒಳಗೆ ಹೋದೆ. ರೋಸಿಯವರು ಕುರ್ಚಿ ಎಳೆದುಕೊಟ್ಟರು. ಕೂತೆ. ಎದುರಿನ ಕಿಟಕಿಯಲ್ಲಿ ನಮ್ಮ ಮನೆ ಕಾಣುತ್ತಿತ್ತು. ಪರವಾಗಿಲ್ಲ, ಇಲ್ಲಿಂದ ನೋಡಿದರೆ ಅದೂ ಚೆನ್ನಾಗಿಯೇ ಇತ್ತು.