ಗ್ರೇಟಾ ಆಂಟಿಯ ಮರದ ಬೂಟು

ಸಹನಾ, ಗ್ರೇಟಾ ಆಂಟಿಯ ಮರದ ಬೂಟು ಸೀಳಿದ್ದು ನನ್ನಿಂದ. ನಿನ್ನಿಂದಲ್ಲ. ಹದಿನಾರು ವರ್ಷ ಇದನ್ನು ನುಂಗಿಕೊಂಡು ಕೂತೆ.

ನಿನ್ನ ಪುಸ್ತಕ ಅಚ್ಚಿಗೆ ಹೋಗುತ್ತದೆ ಎಂದು ನೀನು ಫೋನ್ ಮಾಡಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಮೊಮ್ಮಗಳು ಒಂದು ಡಚ್ ಬಂದರು ಹಳ್ಳಿಯ ಇತಿಹಾಸ ಬರೆದಿದ್ದಾಳೆ! ನಾವಿರುವ ಈ ಲೊಂಬಾರ್ಡ್ ಊರಿನ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಹೋಳಿಗೆಗೆ ಹೂರಣ ರುಬ್ಬುತ್ತ ಅಳು ಬಂತು — ಖುಷಿಗೋ, ಮತ್ತೆ ಯಾತಕ್ಕೋ, ನನಗೇ ತಿಳಿಯಲಿಲ್ಲ.

ನಿನಗೆ ಆಗ ಹತ್ತು ವರ್ಷ. ಶಾಲೆಯ ಪ್ರಾಜೆಕ್ಟಿಗೆಂದು ಪಕ್ಕದ ಮನೆಯ ಗ್ರೇಟಾ ಆಂಟಿ ತಮ್ಮ ತಂದೆಯ ಒಂದು ಜೊತೆ ಮರದ ಬೂಟು ಕೊಟ್ಟಿದ್ದರು. ನೀನೀಗ ಬರೆದಿರುವ ಹಳ್ಳಿಯೇ ಅವರದು; ಅಲ್ಲಿಯವರು ಮೀನು ಹಿಡಿದು ಬದುಕಿದವರು. ಕಡಲಿಗೆ ಅಡ್ಡ ಒಡ್ಡು ಕಟ್ಟಿದ ಮೇಲೆ ಉಪ್ಪುನೀರು ಸಿಹಿಯಾಯಿತು, ಮೀನು ಹೋಯಿತು, ದೋಣಿಗಳು ದಂಡೆಯಲ್ಲೇ ನಿಂತವು. ತಂದೆ ಆ ಬೂಟು ಹೊತ್ತುಕೊಂಡು ಈ ದೇಶಕ್ಕೆ, ಮಿಶಿಗನ್ನಿಗೆ ಬಂದರಂತೆ. ಊರಿನದೆಂದು ಆಂಟಿಯ ಬಳಿ ಉಳಿದದ್ದು ಅದೊಂದೇ.

ನೀನು ಅದನ್ನು ದೇವರ ಶೆಲ್ಫಿನ ಕೆಳಗಿಟ್ಟೆ.

“ಕಾಲ್ಮರಿ ದೇವರ ಮುಂದ ಇಡ್ತಾರೇನವಾ?”

“ಅಜ್ಜಿ, ಇಟ್ಸ್ ಹಿಸ್ಟರಿ!” ಎಂದು ನಗುತ್ತ ನೀನು ಶಾಲೆಗೆ ಹೋದೆ.

ನನಗೆ ಹಿಸ್ಟರಿ ಕಾಣಲಿಲ್ಲ — ಚಪ್ಪಲಿ ಕಂಡಿತು. ಎರಡನ್ನೂ ಬಾಗಿಲ ಹೊರಗಿಟ್ಟೆ. ಹಿಮ ಬಿದ್ದು ತೊಯ್ದವು. ಗಾಬರಿಯಾಗಿ ಒಳತಂದು ಹೀಟರಿನ ಬಿಸಿಗಾಳಿ ಬರುವ ಜಾಲರಿಯ ಮೇಲಿಟ್ಟೆ — ಬೇಗ ಒಣಗಲಿ ಅಂತ. ನೀನು ಬರುವ ಹೊತ್ತಿಗೆ ಎರಡೂ ಉದ್ದಕ್ಕೆ ಸೀಳಿದ್ದವು. ಸದ್ದಿಲ್ಲದೆ ಮೊದಲಿನ ಜಾಗಕ್ಕೇ ಇಟ್ಟುಬಿಟ್ಟೆ.

“ಯಾರು ಮಾಡಿದ್ದಿದು?” ಎಂದ ನಿನ್ನಪ್ಪ.

“ನಿನ್ನೆ ಹಾಕ್ಕೊಂಡು ಡ್ಯಾನ್ಸ್ ಮಾಡಿದ್ದೆ... ಮೇ ಬಿ ಐ ಬ್ರೋಕ್ ಇಟ್,” ಎಂದೆ ನೀನು.

ನಾನು ಅಲ್ಲೇ ನಿಂತಿದ್ದೆ. ಮಗ ಏನನ್ನುತ್ತಾನೋ ಎಂದೋ, ನಾಚಿಕೆಗೋ — ಯಾತಕ್ಕೆಂದು ಈಗಲೂ ಬಗೆಹರಿಯದು — ಬಾಯಿ ತೆರೆಯಲಿಲ್ಲ. ನೀನು ಒಬ್ಬಳೇ ಹೋಗಿ ಆಂಟಿಯ ಬಳಿ ಸಾರಿ ಕೇಳಿ ಬಂದೆ. ಅವರು ಮತ್ತೆ ನಿನ್ನನ್ನು ಒಳಗೆ ಕರೆಯಲಿಲ್ಲ.

ಪುಸ್ತಕದ ಮೊದಲ ಪುಟದಲ್ಲಿ, “ನಾನು ಒಡೆದ ಬೂಟುಗಳಿಗಾಗಿ, ಗ್ರೇಟಾ ಆಂಟಿಗೆ” ಎಂದು ಬರೆದಿದ್ದೀಯಂತೆ. ಅಚ್ಚಾಗುವ ಮೊದಲು ಅದನ್ನು ಹೊಡೆದುಹಾಕು. ಅಜ್ಜಿ ಒಡೆದದ್ದು ಎಂದು ಬರೆ, ನನ್ನ ಹೆಸರು ಹಾಕು.

ನಾಳೆ ಬೆಳಗ್ಗೆ ಆಂಟಿಯ ಮನೆಗೆ ಹೋಗುತ್ತೇನೆ. ಹೇಳಬೇಕಾದಷ್ಟು ಇಂಗ್ಲಿಷ್ ಕಲಿತುಕೊಂಡಿದ್ದೇನೆ. ಅವರು ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಇದನ್ನೋದಿ ನೀನು ಫೋನ್ ಎತ್ತದಿದ್ದರೂ ನಾನೇನೂ ಅನ್ನುವುದಿಲ್ಲ.