ನೀಲಕ್ಕನ ಪಾಳಿ

ನಮ್ಮೂರಿನ ವಸ್ತಿ ಬಸ್ಸು ನಿಂತದ್ದು ನೀಲಕ್ಕನಿಂದಲ್ಲ, ನನ್ನಿಂದ. ಅದನ್ನು ನಿಲ್ಲಿಸಿದ್ದು ಒಂದು ತಪ್ಪು. ಆ ತಪ್ಪನ್ನು ಅವಳ ಹೆಸರಿಗೆ ಹಚ್ಚಿದ್ದು ಇನ್ನೊಂದು. ಅವಳು ಅದನ್ನು ಎರಡು ವರ್ಷ ಹೊತ್ತು ತಿರುಗಿದಳು, ನಾನು ಬಸ್ಸಿನ ಕಿಟಕಿಯಿಂದ ನೋಡುತ್ತ ಕುಳಿತಿದ್ದೆ — ಇದಕ್ಕೆ ಯಾವ ಹೆಸರಿಡಬೇಕೋ ನನಗೆ ತಿಳಿಯದು.

ನೀಲಕ್ಕನಿಗೆ ಓದು ಬರುವುದಿಲ್ಲ. ಹಾಗಾಗಿ ಇದನ್ನು ಅವಳಿಗಾಗಿ ಬರೆಯುತ್ತಿದ್ದೇನೆ ಎಂದರೆ ಅದೂ ಸುಳ್ಳೇ. ಓದಬಲ್ಲವರಿಗೆ ಬರೆಯುತ್ತಿದ್ದೇನೆ. ಧಾರವಾಡದಲ್ಲಿ ಎಂ.ಎ. ಓದುವಾಗಿನಿಂದ ನಾನು ದಿನಚರಿ ಬರೆಯುತ್ತೇನೆ. ಇದನ್ನು ಬರೆಯಲು ಕೂರುವ ಮುನ್ನ ಅವಳ ಹೆಸರು ಹೇಳಿದ ದಿನದ ಪುಟ ತೆಗೆದು ನೋಡಿದೆ. ‘ಮಧ್ಯಾಹ್ನದ ಕ್ಲಾಸು ರದ್ದು. ತಲೆನೋವು.’ ಅಷ್ಟೇ ಇದೆ. ನೀಲಕ್ಕನ ಹೆಸರಿಲ್ಲ, ಬಸ್ಸಿನ ಮಾತಿಲ್ಲ. ಆದ್ದರಿಂದ ಇಲ್ಲಿರುವುದೆಲ್ಲ ನೆನಪು. ನನ್ನ ನೆನಪಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ. ಒಂದೇ ಸಂಗತಿ ಎರಡು ರೀತಿ ನೆನಪಾದ ಕಡೆಯಲ್ಲೆಲ್ಲ, ನನಗೆ ಹೆಚ್ಚು ನಾಚಿಕೆ ತರುವುದನ್ನೇ ಆರಿಸಿದ್ದೇನೆ. ಅದರಲ್ಲೂ ಒಂದು ಜಂಬ ಇದೆಯೇನೋ —

ನಮ್ಮೂರು ಬ್ಯಾಡಗಿಯ ಕಡೆಗಿದೆ, ದೊಡ್ಡ ರಸ್ತೆಯಿಂದ ಐದು ಕಿಲೋಮೀಟರ್ ಒಳಗೆ. ವಸ್ತಿ ಬಸ್ಸು ಸಂಜೆ ಬಂದು ಊರಲ್ಲೇ ತಂಗುತ್ತಿತ್ತು. ಬೆಳಿಗ್ಗೆ ಆರೂಕಾಲಿಗೆ ಬ್ಯಾಡಗಿಗೆ ಹೊರಡುತ್ತಿತ್ತು. ಡ್ರೈವರ್ ಮತ್ತು ಕಂಡಕ್ಟರ್ ಸಮುದಾಯ ಭವನದಲ್ಲಿ ಮಲಗುತ್ತಿದ್ದರು. ಅವರ ಸಂಜೆಯ ಊಟ, ಬೆಳಗಿನ ಚಹಾ ಊರಿನದು. ಒಂದೊಂದು ದಿನ ಒಂದೊಂದು ಮನೆಯ ಪಾಳಿ. ನಾನು ಹುಟ್ಟುವ ಮೊದಲೇ ಯಾರೋ ಮಾಡಿದ ಏರ್ಪಾಡು. ಎಲ್ಲೂ ಬರೆದಿಟ್ಟಿರಲಿಲ್ಲ, ಆದರೂ ಇವತ್ತು ಯಾರ ಪಾಳಿ ಎಂದು ಊರಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಿದ್ದಳು. ಪಾಳಿಯ ದಿನ ಬಡವರ ಮನೆಯಲ್ಲೂ ಎರಡು ಪಲ್ಯ ಆಗುತ್ತಿದ್ದವು.

ಆ ಬಸ್ಸಿನಲ್ಲಿ ಹದಿನೈದು ಹೆಂಗಸರು ಬ್ಯಾಡಗಿಗೆ ಹೋಗುತ್ತಿದ್ದರು, ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ. ಅಲ್ಲಿ ಬೇಗ ಮುಟ್ಟಿದವರಿಗೆ ರಾಶಿಯ ಮುಂದೆ ಜಾಗ, ತಡವಾದರೆ ವಾಪಸು. ನೀಲಕ್ಕ ಆ ಹದಿನೈದರಲ್ಲಿ ಒಬ್ಬಳು. ನಮ್ಮ ಮನೆಯಿಂದ ಮೂರನೆಯ ಮನೆ. ಗಂಡ ಇಲ್ಲ, ಹಾಸಿಗೆ ಹಿಡಿದ ಅತ್ತೆ ಇದ್ದಳು. ನಾನೂ ಅದೇ ಬಸ್ಸಿನಲ್ಲಿ ಹೋಗುತ್ತಿದ್ದೆ. ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ; ಊರಿಗೆಲ್ಲ ‘ಅಕ್ಕೋರು’ — ಪಾಠ ಹೇಳುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಹಾಗೇ ಕರೆಯುವುದು. ನೀಲಕ್ಕನೊಬ್ಬಳಿಗೆ ಮಾತ್ರ ‘ತಂಗಿ’.

ನನ್ನ ಕಷ್ಟ ಇಷ್ಟೇ. ಬ್ಯಾಡಗಿಯಲ್ಲಿ ಬಸ್ಸು ಬದಲಿಸಿ ರಾಣೆಬೆನ್ನೂರು ಮುಟ್ಟಿದರೆ ಇನ್ನೂ ಎಂಟು ಗಂಟೆಯಾಗಿರುತ್ತಿರಲಿಲ್ಲ. ಕ್ಲಾಸು ಹತ್ತಕ್ಕೆ. ಎರಡು ತಾಸಿನ ಮೇಲೆ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂರಬೇಕಿತ್ತು. ನಸುಕಿನಲ್ಲೇಳಬೇಕಿತ್ತು. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಮೆಣಸಿನಕಾಯಿಯ ಘಾಟು ಆ ಹೆಂಗಸರ ಸೀರೆಗಳಿಂದ ನನ್ನ ಸೀರೆಗೂ ಹತ್ತುತ್ತಿತ್ತು. ಸ್ಟಾಫ್ ರೂಮಿನಲ್ಲಿ ಒಬ್ಬರು ಸೀನಿ ನಕ್ಕಿದ್ದರು. ಕಾರಣಗಳು ಇವೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಎಂಟೂಕಾಲಿಗೆ ಇನ್ನೊಂದು ಬಸ್ಸು ಬೇಕೆಂದು ಅರ್ಜಿ ಕೊಡುವ ಮಾತು ಊರಲ್ಲಿ ಎದ್ದಾಗ, “ಅಕ್ಕೋರ, ನೀವ ಬರೀರಿ” ಎಂದರು. ಬರೆಯುವ ಮೊದಲು ನಾನು ಹಾವೇರಿಯ ಸಾರಿಗೆ ಕಚೇರಿಗೆ ಹೋಗಿ ವಿಚಾರಿಸಿದೆ. ಅಲ್ಲಿನ ಅಧಿಕಾರಿ ಸುಳ್ಳು ಆಸೆ ಹುಟ್ಟಿಸುವ ಮನುಷ್ಯನಲ್ಲ. ಗಾಡಿ ಇಲ್ಲ, ಡ್ರೈವರ್‌ಗಳಿಲ್ಲ, ನಿಮ್ಮೂರಿಗೆ ಎರಡು ಬಸ್ಸು ಆಗುವುದಿಲ್ಲ, ವಸ್ತಿ ಬೇಡವೆಂದು ಊರವರೇ ಬರೆದುಕೊಟ್ಟರೆ ಎಂಟೂಕಾಲಿಗೆ ರಾಣೆಬೆನ್ನೂರಿಗೆ ನೇರ ಗಾಡಿ ಬಿಡಬಹುದು ಎಂದರು. ಊರಿಗೆ ಬಂದು ನಾನು ಈ ಮಾತನ್ನು ಯಾರಿಗೂ ಹೇಳಲಿಲ್ಲ.

ಅರ್ಜಿಯಲ್ಲಿ ಎರಡು ಭಾಗ ಇತ್ತು. ಎಂಟೂಕಾಲರ ಬಸ್ಸು ಬೇಕು ಎಂಬುದು ಒಂದು. ಅದನ್ನು ಕಟ್ಟೆಯ ಮುಂದೆ ಗಟ್ಟಿಯಾಗಿ ಓದಿದೆ. ಇನ್ನೊಂದನ್ನು ಓದಲಿಲ್ಲ. ಅದು ಹೀಗಿತ್ತು: ‘ವಸ್ತಿ ಬಸ್ಸಿನ ಸಿಬ್ಬಂದಿಗೆ ಗ್ರಾಮದಲ್ಲಿ ಊಟದ ವ್ಯವಸ್ಥೆ ಇರುವುದಿಲ್ಲವಾದ್ದರಿಂದ ಸದರಿ ವಸ್ತಿಯನ್ನು ರದ್ದುಪಡಿಸಲು ನಮ್ಮ ಅಭ್ಯಂತರವಿರುವುದಿಲ್ಲ.’ ಈ ವಾಕ್ಯವನ್ನು ಬರೆದು ಎರಡು ಸಲ ತಿದ್ದಿದ್ದೆ. ‘ಸದರಿ’ ಎಂಬ ಶಬ್ದ ಹೊಳೆದಾಗ ಸಂತೋಷವಾಗಿತ್ತು — ಇದು ಮಾತ್ರ ಚೆನ್ನಾಗಿ ನೆನಪಿದೆ. ತಲೆಮಾರುಗಳಿಂದ ಸರದಿಯ ಮೇಲೆ ರೊಟ್ಟಿ ಬಡಿದು ಹಾಕಿದ ಹೆಂಗಸರು ಒಬ್ಬೊಬ್ಬರೇ ಬಂದು ಆ ವಾಕ್ಯದ ಕೆಳಗೆ ಹೆಬ್ಬೆಟ್ಟು ಒತ್ತಿದರು. ನೀಲಕ್ಕನ ಬೆರಳನ್ನು ನಾನೇ ಹಿಡಿದು ಶಾಯಿಗೆ ಅದ್ದಿದೆ. “ಚೊಲೋ ಒತ್ತು ತಂಗಿ, ಅರ್ಧಂಬರ್ಧ ಆದ್ರ ಅರ್ಧಾ ಬಸ್ ಕಳಿಸ್ಯಾರು” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ತಿಂಗಳೊಳಗೆ ಬಸ್ಸು ಬದಲಾಯಿತು. ಕೊನೆಯ ಸಂಜೆ, ಬಸ್ಸು ತಂಗದೆ ವಾಪಸು ಹೊರಡುವ ಮುಂಚೆ, ವಸ್ತಿ ಬಸ್ಸಿನ ಕಂಡಕ್ಟರ್ ಕಟ್ಟೆಯ ಹತ್ತಿರ ನಿಂತು ಹೇಳಿದ: “ನಿಮ್ಮೂರಾಗ ಊಟಕ್ಕ ಗತಿ ಇಲ್ಲಂತ ಆಫೀಸಿಗೆ ರಿಪೋರ್ಟ್ ಹೋಗೇತಂತ್ರಿ. ನಾವು ಕೊಟ್ಟಿಲ್ಲ ನೋಡ್ರಿ ಮತ್ತ, ಉಂಡ ಮನಿಗೆ ಎರಡು ಬಗ್ಯಾವ್ರಲ್ಲ.” ಯಾರೂ ಅವನನ್ನು ನಂಬಲಿಲ್ಲ. ಮರುದಿನ ಮುಂಜಾನೆ ಬಸ್ಸಿಲ್ಲದ ಬಸ್‌ಸ್ಟಾಪಿನಲ್ಲಿ ಬುತ್ತಿಗಂಟು ಹಿಡಿದ ಹದಿನೈದು ಹೆಂಗಸರು ನಿಂತಿದ್ದರು. ನಾನೂ ಅಲ್ಲಿದ್ದೆ. ಯಾಕೆ ಹೋಗಿದ್ದೆನೋ, ನನ್ನ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ನೋಡಲು ಹೋಗಿದ್ದೆ ಎಂದುಕೊಳ್ಳುತ್ತೇನೆ.

ಹೆಂಗಸರ ಗುಂಪಿಗೆ ಹಿರಿಯಳಾದ ಶಂಕ್ರವ್ವ ಕೇಳಿದಳು: “ಅವರನ್ನ ಉಪವಾಸ ಕೆಡವಿದ್ದು ಯಾರ ಮನಿಯವರು? ಯಾರ ಪಾಳಿಯಾಗ ಆಗೇತಿ ಇದು?”

ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೆಲವು ತಿಂಗಳ ಹಿಂದೆ ಒಂದೇ ಒಂದು ಸಂಜೆ ಹಾಗಾಗಿತ್ತು. ಅತ್ತೆಗೆ ಉಸಿರು ಕಟ್ಟಿ ನೀಲಕ್ಕ ಅವಳನ್ನು ಹಾವೇರಿಯ ಆಸ್ಪತ್ರೆಗೆ ಒಯ್ದಿದ್ದಳು. ಆ ಗಡಿಬಿಡಿಯಲ್ಲಿ ಅವತ್ತು ಅವಳ ಪಾಳಿ ಎಂಬುದು ಯಾರಿಗೂ ನೆನಪಾಗಲಿಲ್ಲ. ಮರುದಿನ ಕಂಡಕ್ಟರ್ ನನ್ನೊಬ್ಬಳ ಹತ್ತಿರ, “ನಿನ್ನೆ ನಮ್ಮದು ಏಕಾದಶಿ ಆತ್ರಿ ಅಕ್ಕೋರ, ಬಿಸ್ಕೀಟಿನ್ಯಾಗ ಪಾರಣಿ” ಎಂದು ನಗಾಡಿದ್ದ. ಅವನು ದೂರು ಹೇಳಿರಲಿಲ್ಲ, ಚೇಷ್ಟೆ ಮಾಡಿದ್ದ.

ನಾನು ಶಂಕ್ರವ್ವನಿಗೆ ಹೇಳಿದೆ: “ನೀಲಕ್ಕನ ಪಾಳಿ ಬಂದ ದಿನ ಅವರು ಉಂಡಿರಲಿಲ್ಲ.”

ಎಷ್ಟೋ ದಿನ ನನಗೆ ನಾನು, ಬರೀ ತಲೆಯಾಡಿಸಿದ್ದೆ ಎಂದು ಹೇಳಿಕೊಂಡಿದ್ದೇನೆ. ಬೇರೆ ಯಾರೋ ಹೆಸರು ಹೇಳಿದರು, ನಾನು ಸುಮ್ಮನಿದ್ದೆ ಎಂದೂ. ಇಲ್ಲ. ಹೇಳಿದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಅರ್ಜಿಯ ಮಾತು ಯಾರ ಬಾಯಿಗಾದರೂ ಬರುವ ಮೊದಲು ಹೇಳಿಬಿಡಬೇಕು ಅನ್ನಿಸಿತು — ಅಥವಾ ಏನೂ ಅನ್ನಿಸಲೇ ಇಲ್ಲ.

ನೀಲಕ್ಕ ಅಲ್ಲೇ ಇದ್ದಳು. ಅವಳ ಮುಖ ನೋಡಿದೆ. ಅದರಲ್ಲಿ ಸಿಟ್ಟಿರಲಿಲ್ಲ; ಲೆಕ್ಕ ಹಾಕುತ್ತಿದ್ದಳು, ಯಾವ ದಿನ, ಯಾವ ವಾರ. ಆಮೇಲೆ ಅವಳಿಗೆ ನೆನಪಾಯಿತು. “ಹೌದವಾ,” ಎಂದಳು. “ಅತ್ತಿನ್ನ ದವಾಖಾನಿಗೆ ಒಯ್ದ ದಿನ. ಅಯ್ಯ ಶಿವನ, ನನ್ನಿಂದನ ಆತು.”

ಅವಳೇ ಒಪ್ಪಿಕೊಂಡಳು. ಇನ್ನು ಸಾಕ್ಷಿ ಬೇಕಿರಲಿಲ್ಲ.

“ಎರಡು ರೊಟ್ಟಿ ಬಡ್ಯಾಕ ಬ್ಯಾಸರಾತು ನಿನಗ,” ಎಂದಳು ಶಂಕ್ರವ್ವ. “ಈಗ ನಾವು ಹದಿನಾಲ್ಕು ಮಂದಿ ಮಣ್ಣ ತಿನ್ನೂಣೇನು?”

ಹೆಂಗಸರು ಸೇರಿ ಒಂದು ಟಂಟಂ ಆಟೋ ಗೊತ್ತು ಮಾಡಿಕೊಂಡರು. ಪುಕ್ಕಟೆ ಹೋಗುತ್ತಿದ್ದವರು ಈಗ ದಿನಾ ಬಾಡಿಗೆ ಕೊಡಬೇಕಾಯಿತು. ಆ ಸಿಟ್ಟು ತಣಿಯುವಂಥದ್ದಲ್ಲ. ಮೊದಲ ದಿನ ನೀಲಕ್ಕ ಹತ್ತಲು ಹೋದಾಗ, “ಇದು ಸರಕಾರಿ ಬಸ್ ಅಲ್ಲವಾ. ಇದನ್ನೂ ನಿಲ್ಲಿಸಾಕ ಬಂದೀಯೇನು?” ಎಂದು ಶಂಕ್ರವ್ವ ಕಾಲು ಚಾಚಿ ಕುಳಿತಳಂತೆ. ಇದನ್ನು ನಾನು ನೋಡಿಲ್ಲ, ಕೇಳಿದ್ದೇನೆ. ಮುಂದೆ ದಿನಾಲೂ ನೋಡಿದೆ. ನೀಲಕ್ಕ ಐದು ಕಿಲೋಮೀಟರ್ ನಡೆದು ದೊಡ್ಡ ರಸ್ತೆಗೆ ಹೋಗುತ್ತಿದ್ದಳು. ಅಲ್ಲಿಂದ ಸಿಕ್ಕ ಗಾಡಿಯಲ್ಲಿ ಬ್ಯಾಡಗಿ ಮುಟ್ಟುವಷ್ಟರಲ್ಲಿ ರಾಶಿಯ ಮುಂದೆ ಜಾಗ ತುಂಬಿರುತ್ತಿತ್ತು. ಎಂಟೂಕಾಲರ ನನ್ನ ಬಸ್ಸು ಊರಿನಿಂದ ಹೊರಟು ಹೋಗುವಾಗ, ಎಷ್ಟೋ ದಿನ ಅವಳು ಕೆಲಸ ಸಿಗದೆ ವಾಪಸು ನಡೆದು ಬರುತ್ತ ಎದುರಾಗುತ್ತಿದ್ದಳು. ಕೈ ಎತ್ತುತ್ತಿದ್ದಳು. ನಾನೂ ಎತ್ತುತ್ತಿದ್ದೆ.

ಆ ಹಂಗಾಮು ಮುಗಿಯುವ ಮೊದಲೇ ಅವಳು ಬ್ಯಾಡಗಿಗೆ ಹೋಗುವುದನ್ನು ಬಿಟ್ಟಳು. ಊರಲ್ಲಿ ಕಳೆ ತೆಗೆಯಲು ಗುಂಪು ಕಟ್ಟುವವಳೂ ಶಂಕ್ರವ್ವನೇ. ಅಲ್ಲೂ ಅವಳನ್ನು ಕರೆಯಲಿಲ್ಲ. ಅತ್ತೆ ತೀರಿದಾಗ ಮಣ್ಣಿಗೆ ಊರವರು ಬಂದರು, ಆದರೆ ಮನೆಯಲ್ಲಿ ಯಾರೂ ಕೂರಲಿಲ್ಲ.

ಒಂದು ದಿನ ಅವಳು ನಮ್ಮ ಮನೆಗೆ ಬಂದಳು. “ತಂಗಿ, ಆಫೀಸಿಗೆ ಒಂದು ಮಾಫಿ ಪತ್ರ ಬರಕೊಡು. ತಪ್ಪು ನಂದು, ಊರಂದಲ್ಲ ಅಂತ ಬರಿ. ಇನ್ನ ಮ್ಯಾಲ ಮೂವತ್ತೂ ದಿನಾ ನಾನ ಊಟಾ ಹಾಕ್ತೇನಿ ಅಂತ ಬರಿ.” ನಾನು ಬರೆದೆ. ಹೇಳಿದ್ದನ್ನೆಲ್ಲ, ಒಂದಕ್ಷರ ಬಿಡದೆ. ಈ ಸಲ ಪೂರ್ತಿ ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಿಸಿಕೊಂಡೆ. ಆ ಪತ್ರ ಕಚೇರಿಗೆ ಮುಟ್ಟಿದರೆ ಯಾರಾದರೂ ಹಳೆಯ ಅರ್ಜಿ ತೆಗೆದಾರು ಎಂದು ಅದನ್ನು ಕೊಡಲಿಲ್ಲ. ಏನು ಮಾಡಿದೆನೋ, ಹರಿದೆನೋ, ಎಲ್ಲಿ ಹಾಕಿದೆನೋ ನೆನಪಿಲ್ಲ. ನೆನಪಿಲ್ಲವೆಂಬುದನ್ನೇ ನಾನು ನಂಬುವುದಿಲ್ಲ. “ಏನಂದ್ರು?” ಎಂದು ಕೇಳಿದಳು. “ನೋಡ್ತೀವಿ ಅಂದ್ರು” ಎಂದೆ.

ನೋಡುತ್ತಾರೆಂದು ಅವಳು ಎಂಟೂಕಾಲರ ಬಸ್ಸಿಗೆ ರೊಟ್ಟಿ ತರಲು ಶುರುಮಾಡಿದಳು. ಅದು ವಸ್ತಿ ಬಸ್ಸಲ್ಲ, ಊರಲ್ಲಿ ಐದು ನಿಮಿಷ ನಿಲ್ಲುವುದು. ಡ್ರೈವರ್, ಕಂಡಕ್ಟರ್ ಮನೆಯಿಂದ ತಿಂದೇ ಬಂದಿರುತ್ತಾರೆ. ಅವಳಿಗದು ಗೊತ್ತಿಲ್ಲದ್ದಲ್ಲ. ಆದರೂ ಅರಿವೆಯಲ್ಲಿ ಕಟ್ಟಿದ ಗಂಟನ್ನು ಕಂಡಕ್ಟರನ ಕೈಗೆ ಇಟ್ಟು, “ಸಾಹೇಬರಿಗೆ ಹೇಳಪಾ, ಊಟಾ ಹಾಕ್ತಾರಂತ” ಎನ್ನುವಳು. ಈ ಕಂಡಕ್ಟರ್ ಹೊಸಬ, ಹಿಂದಿನದೇನೂ ತಿಳಿಯದವ. ಮೊದಮೊದಲು ಬೇಡವೆಂದ. ಆಮೇಲೆ ತೆಗೆದುಕೊಂಡು, ಬಸ್ಸು ಊರು ದಾಟಿದ ಮೇಲೆ ನನ್ನ ತೊಡೆಯ ಮೇಲಿಡತೊಡಗಿದ: “ಮುದುಕಿಗೆ ತಲಿ ಸರಿ ಇಲ್ಲ ಕಾಣ್ತೈತಿ. ತಗೋರಿ ಅಕ್ಕೋರ, ಚೆಲ್ಲೂದ್ಯಾಕ?” ನೀಲಕ್ಕ ಮುದುಕಿಯಲ್ಲ, ಐವತ್ತೂ ಆಗಿಲ್ಲ. ಆ ರೊಟ್ಟಿಗಳನ್ನು ನಾನು ಸ್ಟಾಫ್ ರೂಮಿನಲ್ಲಿ ತಿಂದೆ. ಒಂದು ದಿನವಲ್ಲ. ಚೆನ್ನಾಗಿದ್ದವು. ಜೊತೆಯವರಿಗೂ ಕೊಟ್ಟೆ.

ಕಳೆದ ವಾರ ಕಂಡಕ್ಟರ್ ಅವಳೆದುರೇ ಬಾಯಿಬಿಟ್ಟ: “ನಾ ಎಲ್ಲಿ ಉಣ್ಣಲಿಬೇ, ನಿನ್ನ ರೊಟ್ಟಿ ಅಕ್ಕೋರ ಉಣ್ತಾರ.” ನೀಲಕ್ಕ ಕಿಟಕಿಯ ಕೆಳಗೆ ಬಂದು ಮುಖ ಮೇಲೆತ್ತಿದಳು. ಅವಳಿಗೆ ಖುಷಿಯಾಗಿತ್ತು. “ನೀ ಉಂಡ್ಯಾ ತಂಗಿ? ಖರೇನ? ಉಣ್ಣು, ಉಣ್ಣು. ಯಾರರ ಒಬ್ರು ಉಂಡ್ರಲ್ಲ, ನನ್ನ ಪಾಳಿ ತೀರಿದಂಗ ಆತು.”

ಆ ಮಾತನ್ನು ಕೇಳಿಯೂ ನನಗೆ ನಾಲ್ಕು ದಿನ ಬೇಕಾದವು.

ಇವತ್ತು ಮುಂಜಾನೆ ನೀಲಕ್ಕನನ್ನು ಕರೆದುಕೊಂಡು ಟಂಟಂ ನಿಲ್ಲುವಲ್ಲಿಗೆ ಹೋದೆ. ಯಾಕೆಂದು ಅವಳಿಗೆ ಹೇಳಿರಲಿಲ್ಲ. ಹೆಂಗಸರೆಲ್ಲ ಹತ್ತಿ ಕುಳಿತಿದ್ದರು. ಅವರೆದುರು ನಿಂತು ಎಲ್ಲ ಹೇಳಿದೆ: ಅಧಿಕಾರಿಯ ಮಾತು, ಅರ್ಜಿಯಲ್ಲಿ ನಾನು ಓದದೆ ಬಿಟ್ಟ ಸಾಲು, ಅದನ್ನು ಬರೆದ ಕಾರಣ, ಕೊಡದ ಮಾಫಿ ಪತ್ರ. “ಬಸ್ ನಿಲ್ಲಿಸಿದಾಕಿ ನಾನು. ನೀಲಕ್ಕ ಅಲ್ಲ” ಎಂದೆ. ಬೈಗುಳಕ್ಕೆ ತಯಾರಾಗಿದ್ದೆ. ಕೈಯೆತ್ತಿದರೂ ನಿಲ್ಲಬೇಕೆಂದುಕೊಂಡಿದ್ದೆ. ಖರೆ ಹೇಳಬೇಕೆಂದರೆ, ಅದಕ್ಕಾಗಿ ಹಸಿದಿದ್ದೆ.

ಶಂಕ್ರವ್ವ ಸೆರಗು ಸರಿಮಾಡಿಕೊಂಡು, “ಹೋಗ್ಲಿ ಬಿಡ್ರಿ ಅಕ್ಕೋರ,” ಎಂದಳು. “ನೀವು ಕಲತವ್ರು. ಏನರ ವಿಚಾರ ಮಾಡೇ ಬರದಿರ್ತೀರಿ. ಹುಡುಗರಿಗೂ ಸಾಲಿಗೆ ಹೋಗಾಕ ಎಂಟೂಕಾಲಿನ ಬಸ್ ಅನುಕೂಲ ಆಗೇತಿ.”

“ಅಕ್ಕೋರ ಮನಸು ದೊಡ್ಡದು, ತಾವಾಗೇ ಬಂದು ಹೇಳಿದ್ರು” ಎಂದಳು ಇನ್ನೊಬ್ಬಳು.

ಅಷ್ಟೇ. ನನಗೆ ಒಂದು ನಿಮಿಷದಲ್ಲಿ ಮಾಫಿ ಸಿಕ್ಕಿತು. ನಾನು ನೀಲಕ್ಕನ ಕಡೆ ತೋರಿಸಿ, “ಮತ್ತ ಇಕಿನ್ನ?” ಎಂದೆ. ಶಂಕ್ರವ್ವ ಟಂಟಂ ಒಳಗೆ ಒಮ್ಮೆ ಕಣ್ಣಾಡಿಸಿದಳು. “ಆಕೀ ಜಾಗಕ್ಕ ಆಗಲೇ ನನ್ನ ತಂಗೀ ಸೊಸಿ ಬರಾಕತ್ತಾಳ್ರಿ. ಮುಂದಿನ ಹಂಗಾಮಿಗೆ ನೋಡೂಣು.” ಗಾಡಿ ಹೊರಟಿತು. ಅವರು ನನಗೆ ಕೊಡಬೇಕಾಗಿದ್ದ ಶಿಕ್ಷೆ ಉಳಿದಿರಲಿಲ್ಲ. ಪೂರ್ತಿ ಅವಳಿಗೆ ಕೊಟ್ಟು ಮುಗಿಸಿದ್ದರು.

ನಾವಿಬ್ಬರೇ ನಿಂತಿದ್ದೆವು. ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಹಿಂದೆ ಸರಿದಳು. ಆಮೇಲೆ ಕೇಳಿದಳು:

“ಹಂಗಾದ್ರ ನಾ ಏನೂ ಮಾಡಿದ್ದಿಲ್ಲೇನ್ರಿ?”

ಹುಟ್ಟಿದಾಗಿನಿಂದ ನನ್ನನ್ನು ಎತ್ತಿ ಆಡಿಸಿದವಳು ಮೊದಲ ಸಲ ‘ರಿ’ ಹಚ್ಚಿ ಮಾತಾಡಿದಳು. “ಇಲ್ಲ” ಎಂದೆ. “ಏನೂ ಮಾಡಿದ್ದಿಲ್ಲ.”

ಅವಳು ತಲೆಯಾಡಿಸಿದಳು. ಬಿಸಿಲೇರುವ ತನಕ ನಾನು ಅಲ್ಲೇ ನಿಂತು ಇನ್ನೂ ಏನೋ ಹೇಳುತ್ತಿದ್ದೆ. ಹಾವೇರಿಗೆ ಹೋಗಿ ಖರೆ ಸಂಗತಿ ಬರೆದುಕೊಡುತ್ತೇನೆ, ವಸ್ತಿ ಬಸ್ಸು ಕೇಳುತ್ತೇನೆ ಎಂದೆಲ್ಲ. ಅದನ್ನು ಮಾಡುತ್ತೇನೆ. ಆದರೆ ಅವಳು ಕೇಳುತ್ತಿರಲಿಲ್ಲ.

“ನಡೀರಿ ಅಕ್ಕೋರ,” ಎಂದಳು. “ನಿಮ್ಮ ಬಸ್ ಬರೂ ಹೊತ್ತಾತು.”

ಬಸ್ಸು ಬಂತು. ನಾನು ಹತ್ತಿದೆ.