ಗ್ರಾಫಿನ ತುದಿಯ ಉಬ್ಬು

ಮದುವೆಯಾದಾಗಿನಿಂದ ನಾನೂ ನನ್ನ ಹೆಂಡತಿಯೂ ಒಂದೇ ಬಾಹ್ಯಾಕಾಶ ದೂರದರ್ಶಕದ ಕೆಲಸ ಮಾಡುತ್ತಿದ್ದೇವೆ, ಎರಡು ದೇಶಗಳಲ್ಲಿ ಕೂತು. ಅವಳು ಯುರೋಪಿನ ಪ್ರಯೋಗಾಲಯವೊಂದರಲ್ಲಿ. ನಾನು ನವಿ ಮುಂಬಯಿಯ ಕಾಲೇಜಿನಲ್ಲಿ ಪಾಠ ಮಾಡಿಕೊಂಡು, ಮುಂಬಯಿ ಹೊರವಲಯದ ಠಾಕುರ್ಲಿಯಲ್ಲಿ ಅವಳ ಅಮ್ಮನ ಜೊತೆ ಇದ್ದೇನೆ. ಅತ್ತೆ ಉಡುಪಿ ಕಡೆಯವರು, ನಾನು ಕಲಬುರಗಿಯವ. ನನ್ನ ಮಾತು ಕೇಳಿ ಅವರಿಗೆ ನಗು. ಅವರ ತುಳು ನನಗೆ ಅರ್ಧಂಬರ್ಧ.

ಆ ದೂರದರ್ಶಕ ಇರುವುದು ಗಾಮಾ ಕಿರಣ ನೋಡಲಿಕ್ಕೆ. ಆದರೆ ಆಕಾಶದ ಎಲ್ಲಿಂದಲೋ ನುಗ್ಗಿ ಬರುವ ಎಲೆಕ್ಟ್ರಾನುಗಳೂ ಅದಕ್ಕೆ ಬಂದು ಬಡಿಯುತ್ತವೆ, ಜೊತೆಗೆ ಪ್ರೋಟಾನುಗಳ ದೊಡ್ಡ ಹಿಂಡು. ಪ್ರೋಟಾನುಗಳನ್ನು ಸೋಸಿ ತೆಗೆದು, ಉಳಿದ ಎಲೆಕ್ಟ್ರಾನುಗಳ ಶಕ್ತಿ ಅಳೆಯುವುದು ನಮ್ಮ ಪಾಲಿನ ಕೆಲಸ. ಶಕ್ತಿ ಏರಿದಂತೆ ಅವುಗಳ ಸಂಖ್ಯೆ ಇಳಿಯುತ್ತ ಹೋಗಬೇಕು. ಒಂದು ಮಳೆಗಾಲ ನಮ್ಮ ಗ್ರಾಫಿನ ತುದಿಯಲ್ಲಿ ಉಬ್ಬೊಂದು ಕಾಣಿಸಿತು. ಅಷ್ಟು ಶಕ್ತಿಯ ಎಲೆಕ್ಟ್ರಾನು ಬಹಳ ದೂರದಿಂದ ಬರಲಾರದು, ದಾರಿಯಲ್ಲೇ ಸೊರಗುತ್ತದೆ. ಅಂದರೆ ನಮ್ಮ ನೆರೆಯಲ್ಲೇ ಯಾವುದೋ ಸತ್ತ ನಕ್ಷತ್ರ ಅವನ್ನು ಎಸೆಯುತ್ತಿರಬೇಕು.

ಫಲಿತಾಂಶ ಗಟ್ಟಿಯಾದರೆ ಅವಳಿಗೆ ಕೆಲಸ ಕೊಟ್ಟು ಇಲ್ಲಿಗೆ ಕರೆಸಿಕೊಳ್ಳುವುದಾಗಿ ಮುಂಬಯಿಯ ಸಂಶೋಧನಾ ಸಂಸ್ಥೆಯ ಹಿರಿಯರೊಬ್ಬರು ಹೇಳಿದರು. ಅತ್ತೆ ಅವಳ ಕೋಣೆಗೆ ಪೇಂಟ್ ಮಾಡಿಸಿದರು. ನಾನು ಕಾಲೇಜಿಗೆ ಹೋಗುತ್ತ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸುವಾಗ, ಆ ನೂಕುನುಗ್ಗಲಿನಲ್ಲಿ, ಅವಳು ಪಕ್ಕದಲ್ಲಿದ್ದಾಳೆಂದುಕೊಂಡು ಸ್ವಲ್ಪ ಜಾಗ ಬಿಟ್ಟು ನಿಲ್ಲುತ್ತಿದ್ದೆ.

ಒಂದು ಸಂಜೆ ಅವಳ ಫೋನ್ ಬಂತು. ಉಬ್ಬಿನೊಳಗಿನ ಒಂದೊಂದು ಬಡಿತವನ್ನೂ ಮತ್ತೆ ಪರೀಕ್ಷಿಸಿದಳಂತೆ. ಹೆಚ್ಚಿನವು ಸೋಸುವಾಗ ನುಸುಳಿಬಂದ ಪ್ರೋಟಾನುಗಳು.

"ಮತ್ಯಾರರ ನೋಡ್ಯಾರೇನು?" ಎಂದೆ.

"ಇಲ್ಲ. ಮೊದಲು ನಿಮಗೇ ಹೇಳುದು. ನಾಳೆ ಮೀಟಿಂಗಲ್ಲಿ ಹೇಳ್ತೇನೆ."

ಸ್ವಲ್ಪ ತಡಿ ಅನ್ನುವ ಮಾತು ನಾಲಿಗೆಯವರೆಗೆ ಬಂದಿತ್ತು. "ಹೇಳು," ಎಂದೆ.

ಅತ್ತೆಗೆ ನಾನೇ ತಿಳಿಸಬೇಕಾಯಿತು. ತಪ್ಪು ಹಿಡಿದದ್ದು ಯಾರು ಎಂದು ಕೇಳಿದರು. ನಿಮ್ಮ ಮಗಳೇ ಎಂದೆ. ಅವರು ಬಸಳೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು.

"ಸಣ್ಣವಳಿರುವಾಗಲೂ ಹೀಗೆಯೇ. ಆಟದಲ್ಲಿ ಔಟಾದ್ರೆ ತಾನೇ ಹೇಳಿ ಹೊರಗೆ ಬರ್ತಿದ್ಲು," ಎಂದರು. ಕಣ್ಣು ತುಂಬಿತ್ತು, ಆದರೂ ಆ ದನಿಯಲ್ಲಿ ಹೆಮ್ಮೆಯಿತ್ತು.

ಉಬ್ಬಿಲ್ಲದ ಗ್ರಾಫ್ ಅಚ್ಚಾಯಿತು. ಕರೆಸಿಕೊಳ್ಳುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಅವಳು ಇನ್ನೂ ಅಲ್ಲೇ ಇದ್ದಾಳೆ, ವರ್ಷಕ್ಕೊಮ್ಮೆ ಬರುತ್ತಾಳೆ. ಬಂದ ಹೊಸದರಲ್ಲಿ ನಾವು ಎಲೆಕ್ಟ್ರಾನುಗಳ ಬಗ್ಗೆಯೇ ಮಾತಾಡುತ್ತೇವೆ. ಬೇರೆ ಮಾತನ್ನು ಎಲ್ಲಿಂದ ಶುರುಮಾಡಬೇಕೋ ಇಬ್ಬರಿಗೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಅವಳ ರಜೆ ಮುಗಿದಿರುತ್ತದೆ.